ಟೈಲರಕ್ಕ ಕತ್ತರಿಸಿದ ಪ್ಯಾಕಿಂಗ್

ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿದವರನ್ನು ಟೈಲರಕ್ಕ ಸುಮ್ಮನೆ ಬಿಡುವವಳಲ್ಲ. ಅದು ಗಂಡನೇ ಆಗಲಿ, ಅತ್ತೆಯೇ ಆಗಲಿ, ಮನೆಗೆ ಬಂದ ನೆಂಟರ ಮುದ್ದಿನ ಕೂಸೇ ಆಗಲಿ. ಕಾಗದ ಒಮ್ಮೆ ಬಾಯಿಗೆ ಬಿದ್ದರೆ ಸಾಕು, ಕತ್ತರಿ ಮೊಂಡಾಗುತ್ತದೆ. ಆಮೇಲೆ ಅದು ಬಟ್ಟೆ ಕತ್ತರಿಸುವುದಿಲ್ಲ, ಅಗಿಯುತ್ತದೆ. ಅಂಥವಳು ಒಂದು ಮಧ್ಯಾಹ್ನ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನೋಡಿದರೆ, ಗಂಡನೆಂಬ ಮಹಾರಾಯ ಅವಳ ಹೊಲಿಗೆ ಮೇಜಿನ ಮೇಲೆ ಮೊಣಕೈ ಊರಿಕೊಂಡು, ಅವಳದೇ ಕತ್ತರಿಯಿಂದ, ರಟ್ಟಿನಂಥ ದಪ್ಪ ಕಾಗದವನ್ನು ಕರಕರ ಎನ್ನಿಸುತ್ತ ಕತ್ತರಿಸುತ್ತಿದ್ದ. ಪಕ್ಕದಲ್ಲಿ ಎಣ್ಣೆ ಸುರಿಯುವ ಒಂದು ಕಬ್ಬಿಣದ ಭಾಗ. ಅದರ ಅಡಿಗೆ ಯಾವುದೋ ಹುಡುಗಿಗೆಂದು ಹೊಲಿದಿಟ್ಟ ಬಿಳಿ ಸ್ಕೂಲ್ ಯೂನಿಫಾರ್ಮು.

"ಏನ್ರೀ ಇದು! ತಲೆ ಗಿಲೆ ಕೆಟ್ಟಿದೆಯಾ ನಿಮಗೆ? ನನ್ನ ಕತ್ತರೀಲಿ ಕಾಗದ ಕತ್ತರಿಸ್ತಿದ್ದೀರಲ್ಲ!"

"ಇಂಜಿನ್ನಿಗೆ ಒಂದೇ ಒಂದು ಪ್ಯಾಕಿಂಗ್ ಕಣೇ. ಮುಗೀತು ಈಗ."

"ಮುಗಿದಿದ್ದು ನನ್ನ ಕತ್ತರಿ! ಕೊಡಿ ಇಲ್ಲಿ."

ಕತ್ತರಿಯ ಜತೆಗೆ ಕಾಗದವನ್ನೂ ಕಿತ್ತುಕೊಂಡಳು. ಕಿತ್ತುಕೊಂಡು ನೋಡಿದರೆ ಸಿಟ್ಟಿನ ನಡುವೆಯೂ ನಗು ಬಂತು. ಇಲಿ ಕಡಿದಂತಿತ್ತು. "ಇದನ್ನ ಇಂಜಿನ್ನಿಗೆ ಹಾಕ್ತೀರಾ? ನನ್ನ ಹತ್ರ ಕೆಲಸ ಕಲಿಯೋಕೆ ಬಂದವಳು ಕಾಲರ್ ಹೀಗೆ ಕತ್ತರಿಸಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ದೆ," ಎಂದಳು. ಆಮೇಲೆ ಅಟ್ಟದಿಂದ ಹಳೆಯ ಕತ್ತರಿಯೊಂದನ್ನು ಇಳಿಸಿದಳು, ಹೊಸ ಕಾಗದ ಕೇಳಿದಳು, ಕಬ್ಬಿಣದ ಎಣ್ಣೆ ಮೈಮೇಲೆ ಅದನ್ನು ಹಾಸಿ ಹೆಬ್ಬೆರಳಿನಿಂದ ಒತ್ತಿದಳು. ಅಂಚುಗಳೂ ಬೋಲ್ಟಿನ ತೂತುಗಳೂ ಕಾಗದದ ಮೇಲೆ ಅಚ್ಚೊತ್ತಿದ ಹಾಗೆ ಮೂಡಿದವು. ಆ ಗೆರೆಯ ಮೇಲೆ ಕತ್ತರಿ ಓಡಿಸಿ ಗಂಡನ ಕೈಗಿಟ್ಟಳು. ಅವನು ತಿರುಗಿಸಿ ಮುರುಗಿಸಿ ನೋಡಿದ. ಹೊಗಳುವುದು ಅವನ ಜಾಯಮಾನದಲ್ಲೇ ಇಲ್ಲ. "ಇನ್ನೂ ನಾಲ್ಕು ಬೇಕಿತ್ತು," ಎಂದ ಅಷ್ಟೇ.

ಹೀಗೆ ಶುರುವಾಯಿತು ಟೈಲರಕ್ಕನ ಎರಡನೇ ಕಸುಬು.

ಮನೆಯ ಮುಂಭಾಗವೇ ಇಬ್ಬರ ಅಂಗಡಿ. ಎಡಕ್ಕೆ ಅವಳ ಹೊಲಿಗೆ ಮಿಷಿನ್ನು, ಬಲಕ್ಕೆ ನೆಲದಲ್ಲಿ ಗುಂಡಿ ತೋಡಿ ಮಾಡಿದ ಗ್ಯಾರೇಜು, ನಡುವೆ ಒಂದು ಪರದೆ. ಪರದೆ ಬಟ್ಟೆಯನ್ನು ತಡೆಯುತ್ತಿತ್ತೇ ಹೊರತು ವಾಸನೆಯನ್ನಲ್ಲ. ಆ ಬೀದಿಯ ಮಕ್ಕಳ ಯೂನಿಫಾರ್ಮುಗಳೆಲ್ಲ ಹೊಸದಾಗಿದ್ದಾಗ ಪೆಟ್ರೋಲು ವಾಸನೆ ಹೊಡೆಯುತ್ತಿದ್ದವು. ಮೇಷ್ಟರುಗಳಿಗೂ ಅದು ಅಭ್ಯಾಸವಾಗಿಹೋಗಿತ್ತು. ಗಂಡನನ್ನು ಊರೆಲ್ಲ ಮೇಸ್ತ್ರಿ ಎನ್ನುತ್ತಿತ್ತು. ಇನ್ನು ಅತ್ತೆ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಎರಡೂ ಕಡೆಯ ಗಿರಾಕಿಗಳಿಗೆ ಬೇಕಾದ್ದು ಬೇಡದ್ದು ಎಲ್ಲ ಹೇಳಿ ಕಳಿಸುವುದು ಅವರ ಉದ್ಯೋಗ.

ಮೇಸ್ತ್ರಿಯ ಕೈಗೆ ಬರುತ್ತಿದ್ದದ್ದೆಲ್ಲ ಒಂದೇ ಮನೆತನದ ಇಂಜಿನ್ನುಗಳು. ಇಂಗ್ಲೆಂಡಿನಲ್ಲಿ, ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಹುಟ್ಟಿದ ಮನೆತನ. ಬಿ-ಸೀರೀಸ್ ಎಂದು ಹೆಸರು. ಎರಕದ ಕಬ್ಬಿಣದ ಮೈ, ಸಾಲಾಗಿ ನಾಲ್ಕು ಸಿಲಿಂಡರು. ಮಹಾ ವೇಗವೇನಿಲ್ಲ, ಆದರೆ ಹೊರೆ ಹೊರಲು ಹಿಂದೇಟು ಹಾಕುವ ಜಾತಿಯಲ್ಲ. ಒಂದು ತಮಾಷೆಯೆಂದರೆ ಈ ಮನೆಯಲ್ಲಿ ಹಿರಿಯಣ್ಣನೇ ಎಲ್ಲರಿಗಿಂತ ಕುಳ್ಳ. ಮೊದಲು ಹುಟ್ಟಿದವನು ಸಾವಿರದಿನ್ನೂರು ಸಿಸಿ, ಅವನ ತಮ್ಮ ಸಾವಿರದೈನೂರು, ಮೂರನೆಯವನು ಸಾವಿರದಾರುನೂರು ಚಿಲ್ಲರೆ, ಕಡೆಗೆ ಹುಟ್ಟಿದವನು ಸಾವಿರದೆಂಟುನೂರರ ದಾಂಡಿಗ. ಹೊರಗಿಂದ ನೋಡಿದರೆ ಒಬ್ಬನನ್ನು ಕಂಡ ಹಾಗೆ ಇನ್ನೊಬ್ಬ. ಒಳಗಿನ ಅಳತೆ ಮಾತ್ರ ಬೇರೆ. ಕೆಲವು ಭಾಗ ಒಬ್ಬನದು ಇನ್ನೊಬ್ಬನಿಗೆ ಆಗುತ್ತದೆ, ಕೆಲವು ಆಗುವುದಿಲ್ಲ. ಯಾವುದು ಯಾರಿಗೆ ಎನ್ನುವುದು ಮೇಸ್ತ್ರಿಗೆ ಬಾಯಿಪಾಠ. ಊರಿನ ಟ್ಯಾಕ್ಸಿಗಳಲ್ಲೆಲ್ಲ ಈ ಅಣ್ಣತಮ್ಮಂದಿರೇ ಇದ್ದರು.

ಪಾಪ, ಇಂಜಿನ್ನುಗಳು ಗಟ್ಟಿಮುಟ್ಟಾಗಿಯೇ ಇದ್ದವು. ಕೈಕೊಟ್ಟದ್ದು ಪ್ಯಾಕಿಂಗು. ಎರಡು ಕಬ್ಬಿಣದ ಮೈ ಸೇರುವಲ್ಲಿ ಎಣ್ಣೆ, ನೀರು ಸೋರದಿರಲಿ ಎಂದು ನಡುವೆ ಇಡುವ ಹಾಳೆಯೇ ಪ್ಯಾಕಿಂಗು. ಒಮ್ಮೆ ಬಿಚ್ಚಿದರೆ ಹರಿದುಹೋಗುತ್ತದೆ, ಪ್ರತಿಸಲವೂ ಹೊಸದು ಬೇಕು. ಕಾರು ಹಳೆಯದಾಗುತ್ತ ಬಂದಂತೆ ಅಂಗಡಿಗಳಿಗೆ ಅದರ ಸೆಟ್ಟು ಬರುವುದೇ ನಿಂತಿತು. ಹಾಳೆಯ ತುಂಡಿಲ್ಲದೆ ಟ್ಯಾಕ್ಸಿಗಳು ಗುಂಡಿಯ ಮೇಲೆ ವಾರಗಟ್ಟಲೆ ಬಾಯಿ ತೆರೆದು ನಿಂತವು. ಆಗಲೇ ಮೇಸ್ತ್ರಿಯ ಹಳೆಯ ಗೆಳೆಯನೊಬ್ಬ ದೂರದ ಪಟ್ಟಣದ ಬಸ್ ಡಿಪೋದಿಂದ ಹೇಳಿಕಳಿಸಿದ: ಇಲ್ಲಿ ಕೆಲಸ ಖಾಲಿ ಇದೆ, ಬಂದುಬಿಡು, ಇರೋದಕ್ಕೆ ನನ್ನ ರೂಮಿದೆ. ಗಂಡಸರಿಬ್ಬರು ಮಲಗಿದರೆ ಮುಗಿಯಿತು, ಸಂಸಾರಕ್ಕೆ ಜಾಗವಿಲ್ಲದ ರೂಮು.

ಟೈಲರಕ್ಕನಿಗೆ ಜಗತ್ತಿನಲ್ಲಿ ಇದ್ದ ಹೆದರಿಕೆ ಅದೊಂದೇ. ಅವಳ ಅಪ್ಪನೂ ಹೀಗೇ ದೂರದಲ್ಲಿ ದುಡಿಯುತ್ತಿದ್ದವರು. ಯಾವಾಗಲೋ ಒಮ್ಮೆ ಬಂದರೆ ಅವಳು ಬಾಗಿಲ ಹಿಂದೆ ಅಡಗಿಕೊಳ್ಳುತ್ತಿದ್ದಳಂತೆ, ಅವರು ಕೈಚಾಚಿ ಕರೆದರೆ "ಈ ಮಾಮ ಯಾವಾಗ ಹೋಗ್ತಾರೆ?" ಎಂದು ಅಮ್ಮನನ್ನು ಕೇಳಿದ್ದಳಂತೆ. ಅಪ್ಪ ಅದನ್ನು ನಗುನಗುತ್ತಲೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ಆ ನಗು ಎಂಥದೆಂದು ಅವಳಿಗೆ ಅರ್ಥವಾದದ್ದು ತನಗೊಂದು ಮಗಳು ಹುಟ್ಟಿದ ಮೇಲೆ. ಆ ಮಗಳು ಈಗ ತಾನೇ ಶಾಲೆಗೆ ಸೇರಿದ್ದಳು. ಸಂಜೆಯಾದರೆ ಅಪ್ಪನ ಗ್ರೀಸು ಕೈ ಹಿಡಿದುಕೊಂಡೇ ಮನೆಯೊಳಗೆ ಬರುತ್ತಿದ್ದಳು.

ಹಾಗಾಗಿ ಪ್ಯಾಕಿಂಗ್ ಕತ್ತರಿಸುವ ಕೆಲಸಕ್ಕೆ ಅವಳು ಹೇಗೆ ಬಿದ್ದಳೆಂದು ಬೇರೆ ಹೇಳಬೇಕಾಗಿಲ್ಲ. ಮೇಲಿನ ಮುಚ್ಚಳಕ್ಕೆ ಕಾರ್ಕ್ ಹಾಳೆ, ನೀರಿನ ಪಂಪಿಗೆ ದಪ್ಪ ಕಾಗದ. ತೂತು ಹೊಡೆಯಲು ಬೆಲ್ಟಿನವರ ಹತ್ತಿರ ಇರುವಂಥ ಪಂಚು. ಎಣ್ಣೆ ಸೋರುತ್ತಿದ್ದ ಟ್ಯಾಕ್ಸಿಗಳು ಒಂದೊಂದೇ ಒಣಗಿದವು. ಟ್ಯಾಕ್ಸಿ ಸ್ಟ್ಯಾಂಡಿನ ನೆಲದ ಕಪ್ಪು ಕಲೆಗಳೂ ಕಡಿಮೆಯಾದವಂತೆ. ಡ್ರೈವರುಗಳು ಪರದೆಯ ಎಡಗಡೆಗೇ ಬಂದು "ಅಕ್ಕಾ, ನನ್ನ ಗಾಡೀಗೆ ಒಂದು ಅಳತೆ ತಗೊಳ್ಳಿ" ಎಂದು ಗೇಲಿ ಮಾಡತೊಡಗಿದರು. ಡಿಪೋದ ಮಾತು ಮನೆಯಲ್ಲಿ ತಾನಾಗಿ ತಣ್ಣಗಾಯಿತು.

ಆಗ ಬಂದರು ದೊಡ್ಡಪ್ಪ. ಯಾರಿಗೆ ದೊಡ್ಡಪ್ಪ ಎಂದು ಕೇಳಬೇಡಿ, ಇಡೀ ಸ್ಟ್ಯಾಂಡಿಗೇ ದೊಡ್ಡಪ್ಪ. ಬೂದು ಬಣ್ಣದ ಕಾರು, ಅದರಲ್ಲಿ ಸಾವಿರದೈನೂರರ ಎರಡನೆಯವನು. ಮಾತು ಕಡಿಮೆ, ಗೊಣಗಾಟ ಜಾಸ್ತಿ. ಅವರು ಯಾವ ಟಯರು ಹಾಕಿಸಿದರೆ ಎಲ್ಲರೂ ಅದೇ ಟಯರು. ಅವರು ಒಂದು ಗ್ಯಾರೇಜಿನ ಕಡೆ ಬೆನ್ನು ಹಾಕಿದರೆ ಆ ಗ್ಯಾರೇಜು ನೆಲ ಕಚ್ಚಿದ ಹಾಗೆಯೇ. ಅವರ ಕಾರಿನ ಎಣ್ಣೆಯ ಪಂಪು ಬಿಚ್ಚಬೇಕಾಗಿತ್ತು. ಇಂಜಿನ್ನಿನ ಹೊಟ್ಟೆಯೊಳಗಿರುವ ಪಂಪು ಅದು. ಅದಕ್ಕೂ ಇಂಜಿನ್ನಿನ ಮೈಗೂ ನಡುವೆ ಅಂಗೈಗಿಂತ ಚಿಕ್ಕ ಪ್ಯಾಕಿಂಗು, ಅದರಲ್ಲಿ ಎಣ್ಣೆ ಹಾಯುವ ತೂತು.

ಇಲ್ಲಿ ಅವಳೊಳಗಿನ ಟೈಲರು ಕೈ ಹಾಕಿದಳು. ಬೆಳೆಯುವ ಮಕ್ಕಳಿಗೆ ಹೊಲಿಯುವ ಯಾವ ಟೈಲರೂ ಬಟ್ಟೆಯನ್ನು ಗೆರೆಗೆ ಸರಿಯಾಗಿ ಕತ್ತರಿಸಿಬಿಡುವುದಿಲ್ಲ. ಒಳಗೆ ಒಂದಿಷ್ಟು ಅಂಚು ಬಿಡುತ್ತಾಳೆ. ನಾಳೆ ಹುಡುಗ ದಪ್ಪಗಾದರೆ, ತಮ್ಮನಿಗೆ ಬೇಕಾದರೆ, ಬಿಚ್ಚಿ ಅಗಲ ಮಾಡಬಹುದು. ಈ ಮನೆತನದಲ್ಲಿ ಒಬ್ಬನಿಗಿಂತ ಒಬ್ಬ ದಪ್ಪ, ಎಂದ ಮೇಲೆ ಎಣ್ಣೆಯ ತೂತೂ ಹಾಗೇ ಇರಬೇಕು ಎಂದುಕೊಂಡಳು. ಚಿಕ್ಕದಾಗಿ ತೂತು ಹೊಡೆದು, ಸುತ್ತ ಉಗುರಿನಗಲ ಅಂಚು ಬಿಟ್ಟಿಟ್ಟರೆ ಒಂದೇ ಪ್ಯಾಕಿಂಗ್ ನಾಲ್ವರಿಗೂ ಆಗುತ್ತದೆ. ಯಾರಿಗೆ ಎಷ್ಟು ಬೇಕೋ ಅಷ್ಟು ಆಮೇಲೆ ಬಿಡಿಸಿಕೊಂಡರಾಯಿತು. ಬುದ್ಧಿವಂತಿಕೆಯೇ ಸರಿ. ಒಂದು ರಾಶಿ ಹಾಗೇ ಮಾಡಿಟ್ಟಳು, ಮೇಸ್ತ್ರಿಗೆ ಹೇಳಬೇಕೆಂದುಕೊಂಡಳು, ಅಷ್ಟರಲ್ಲಿ ಯಾರೋ ಪ್ಯಾಂಟು ಅಳತೆಗೆ ಬಂದರು, ಮರೆತಳು. ಗುಂಡಿಯಲ್ಲಿ ಅಂಗಾತ ಮಲಗಿದ್ದ ಮೇಸ್ತ್ರಿ ಮೇಲಕ್ಕೆ ಕೈ ಚಾಚಿದ, ಅತ್ತೆ ಒಂದನ್ನು ಎತ್ತಿಕೊಟ್ಟರು, ಬೋಲ್ಟಿನ ತೂತುಗಳು ಸರಿಯಾಗಿ ಕೂತವು. ಅವನು ಬಿಗಿದುಬಿಟ್ಟ.

ಊರೊಳಗೆ ಓಡಾಡುವಾಗ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ದೊಡ್ಡಪ್ಪ ಗುಡ್ಡದಾಚೆಯ ರೈಲ್ವೆ ಸ್ಟೇಷನ್ನಿಗೆ ಗಂಡಹೆಂಡತಿಯಿಬ್ಬರನ್ನು ಕೂರಿಸಿಕೊಂಡು ಹೊರಟರು. ಏರಿನ ನಡುವೆ, ದೊಡ್ಡ ತಿರುವಿನಲ್ಲಿ, ಎದುರಿನಲ್ಲಿ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ತಟ್ಟನೆ ಸೊನ್ನೆಗೆ ಬಿತ್ತು. ದೊಡ್ಡಪ್ಪ ಹಿಂದೆಮುಂದೆ ನೋಡಲಿಲ್ಲ, ಇಂಜಿನ್ ಆರಿಸಿದರು. ಹಿಂದಿನ ಸೀಟಿನಲ್ಲಿದ್ದವರು ರೈಲು ತಪ್ಪುತ್ತದೆಂದು ಬಾಯಿಗೆ ಬಂದದ್ದು ಅಂದರು. ಇನ್ನೊಂದು ಗಳಿಗೆ ಓಡಿಸಿದ್ದರೂ ಎಣ್ಣೆಯಿಲ್ಲದೆ ಬೇರಿಂಗು ಸುಟ್ಟು, ಆ ಇಂಜಿನ್ ಗುಜರಿಗೆ ಹೋಗುತ್ತಿತ್ತು. ರೈಲು ತಪ್ಪಿತು, ಇಂಜಿನ್ ಉಳಿಯಿತು. ಕಾರು ಇಳಿಜಾರಿನಲ್ಲಿ ಹಿಂದಕ್ಕೆ ಜಾರುತ್ತ, ಆಮೇಲೆ ನಾಲ್ಕು ಜನ ತಳ್ಳುತ್ತ, ಗ್ಯಾರೇಜಿನ ಬಾಗಿಲಿಗೆ ಬಂತು.

ಮೇಸ್ತ್ರಿ ಎಲ್ಲ ಬಿಚ್ಚಿ ಪ್ಯಾಕಿಂಗನ್ನು ಬೆಳಕಿಗೆ ಹಿಡಿದ. ಉಗುರಿನಗಲದ ಅಂಚು ಬಿಸಿ ಎಣ್ಣೆಯಲ್ಲಿ ನೆನೆದು ಮೆತ್ತಗಾಗಿ, ಮಡಚಿಕೊಂಡು, ತೂತಿಗೇ ಅಡ್ಡ ಮಲಗಿತ್ತು. ಟೈಲರಕ್ಕ ಪರದೆ ಸರಿಸಿಕೊಂಡು ಬಂದು ನೋಡಿದಳು.

ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿದರು. "ಅಯ್ಯೋ ನನ್ನಮ್ಮಾ, ಒಳಗೆ ಬಟ್ಟೆ ಬಿಟ್ಟಿದ್ದೀಯಲ್ಲೇ! ಇಂಜಿನ್ ಏನು ಮುಂದಿನ ವರ್ಷಕ್ಕೆ ಮೈ ತುಂಬ್ಕೊಳ್ಳುತ್ತಾ?"

"ನಾಲ್ವರಿಗೂ ಆಗ್ಲಿ ಅಂತ..." ಎಂದಳು ಅವಳು.

"ನಾಲ್ವರಿಗೂ ಇದು ಒಂದೇ ಅಳತೆ ಕಣೇ," ಎಂದ ಮೇಸ್ತ್ರಿ ಮೆಲ್ಲಗೆ. ಬೀದಿಯಲ್ಲಿ ಡ್ರೈವರುಗಳು ಗುಂಪುಗೂಡಿ ನಿಂತಿದ್ದರು. ಅವರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದ: "ತಪ್ಪು ನಂದು. ಕೂರಿಸೋ ಮುಂಚೆ ನೋಡಬೇಕಾಗಿದ್ದವನು ನಾನು." ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಪರದೆಯ ಹಿಂದೆ ಹೋಗಿ, ಮಿಷಿನ್ನಿನ ಮೇಲೆ ತಲೆಯಿಟ್ಟು ಅತ್ತಳು. ಎಂಥ ಗಂಡ ಸಿಕ್ಕಿದ್ದಾನೆ ತನಗೆ ಎಂದು ಒಂದು ಅಳು, ಅಂಥವನನ್ನು ತಾನೇ ಕೈಯಾರೆ ದೂರ ಕಳಿಸುವಂತಾಯಿತಲ್ಲ ಎಂದು ಇನ್ನೊಂದು.

ಡ್ರೈವರುಗಳದೇನು ತಪ್ಪು? ಅವರ ಅನ್ನವೆಲ್ಲ ಆ ಇಂಜಿನ್ನಿನಲ್ಲಿತ್ತು. "ಪ್ಯಾಂಟು ಹೊಲಿಯೋ ಕೈಗೆ ಇಂಜಿನ್ ಕೊಟ್ರೆ ಇನ್ನೇನಾಗುತ್ತೆ," ಎಂದು ಸ್ಟ್ಯಾಂಡಿನಲ್ಲಿ ಯಾರೋ ಅಂದರಂತೆ. ಅಂದವರನ್ನು ಯಾರೂ ತಡೆಯಲಿಲ್ಲವಂತೆ. ಗುಂಡಿಯ ಮೇಲೆ ದೊಡ್ಡಪ್ಪನ ಕಾರೊಂದು ಬಿಟ್ಟರೆ ಇನ್ನು ಯಾವ ಗಾಡಿಯೂ ಬರಲಿಲ್ಲ. ದೊಡ್ಡಪ್ಪನೂ ಬರಲಿಲ್ಲ. ಬೇರೆ ಊರಿಗೆ ಕಾರು ಎಳೆಸಿಕೊಂಡು ಹೋಗಲು ಲಾರಿ ಹುಡುಕುತ್ತಿದ್ದಾರೆ ಎಂದು ಸುದ್ದಿ. ಮೇಸ್ತ್ರಿ ಡಿಪೋದ ಗೆಳೆಯನಿಗೆ ಬರುತ್ತೇನೆಂದು ಹೇಳಿಕಳಿಸಿದ. ಮಗಳು ಏನೂ ತಿಳಿಯದೆ, ಅಪ್ಪ ಬಸ್ಸಿನಲ್ಲಿ ಹೋಗುತ್ತಾನೆ ಎಂದು ಕುಣಿದಾಡಿದಳು.

ಟೈಲರಕ್ಕ ಅಂಚು ಬಿಟ್ಟಿದ್ದ ರಾಶಿಯನ್ನೆಲ್ಲ ಒಲೆಗೆ ಹಾಕಿದಳು. ಆ ಪಂಪನ್ನು ಮೇಜಿನ ಮೇಲಿಟ್ಟುಕೊಂಡು ಹೊಸದಾಗಿ ಒಂದು ಕತ್ತರಿಸಿದಳು. ಗೆರೆಗೆ ಸರಿಯಾಗಿ, ಒಂದು ನೂಲೆಳೆಯೂ ಒಳಗೆ ಚಾಚದ ಹಾಗೆ. ಯಾರೂ ಕೇಳಿರಲಿಲ್ಲ. ಸುಮ್ಮನಿರಲಾಗಲಿಲ್ಲ, ಕತ್ತರಿಸಿದಳು.

ಬಸ್ಸು ಹತ್ತುವ ಹಿಂದಿನ ದಿನ, ಬಿಸಿಲು ಇಳಿಯುವ ಹೊತ್ತಿಗೆ, ದೊಡ್ಡಪ್ಪ ಬಂದು ಬಾಗಿಲಲ್ಲಿ ನಿಂತರು. ಕಾರು ಒಯ್ಯಲು ಬಂದಿದ್ದಾರೆ ಎಂದೇ ಎಲ್ಲರೂ ತಿಳಿದರು. ಅವರು ಪರದೆ ಸರಿಸಿ ನೇರ ಹೊಲಿಗೆ ಮೇಜಿನ ಹತ್ತಿರ ಹೋದರು. ಹೊಸ ಪ್ಯಾಕಿಂಗನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ತೂತಿನೊಳಗಿಂದ ಅವಳನ್ನೇ ನೋಡಿದರು.

"ಇದು ಯಾರು ಕತ್ತರಿಸಿದ್ದು?"

"ನಾನೇ ದೊಡ್ಡಪ್ಪ."

"ಅಂಚು ಬಿಟ್ಟಿದ್ದೀಯಾ?"

"ಇಲ್ಲ."

"ಹೂಂ. ಲೇ ಮೇಸ್ತ್ರಿ, ಕೂರಿಸು ಇದನ್ನ."

ಮೇಸ್ತ್ರಿ ತಬ್ಬಿಬ್ಬಾದ. "ದೊಡ್ಡಪ್ಪ, ನೀವು ಬೇರೆ ಕಡೆ ತೋರಿಸಿದ್ರೂ ನನಗೇನೂ ಬೇಜಾರಿಲ್ಲ..."

"ನಿನ್ನ ಬೇಜಾರು ಕೇಳಿದವರು ಯಾರು? ನನ್ನ ಮೊಮ್ಮಗಳ ಅಂಗಿ ಕೈ ಒಂದ್ಸಲ ಗಿಡ್ಡ ಆಗಿತ್ತು. ಇವಳೇ ಸರಿ ಮಾಡಿಕೊಟ್ಟಳು. ಟೈಲರ್ ಬದಲಾಯಿಸೋಕೆ ಹೋಗಲಿಲ್ಲ ನಾವು. ಕೂರಿಸು, ಮಾತು ಸಾಕು."

ಕೂರಿಸಿ, ಎಣ್ಣೆ ತುಂಬಿ, ಸ್ಟಾರ್ಟ್ ಮಾಡಿ, ಮೇಸ್ತ್ರಿ ಮುಳ್ಳನ್ನು ನೋಡಿ ತಲೆಯಾಡಿಸಿದ. ಊರೊಳಗೆ ಮೊದಲ ಸಲವೂ ಮುಳ್ಳು ಸರಿಯಾಗೇ ನಿಂತಿತ್ತು, ಅದು ಎಲ್ಲರಿಗೂ ಗೊತ್ತು. ಏರಿನಲ್ಲೇ ನೋಡಬೇಕು. ದೊಡ್ಡಪ್ಪ ಮುಂದಿನ ಬಾಗಿಲು ತೆರೆದು ಟೈಲರಕ್ಕನಿಗೆ ಕೈಸನ್ನೆ ಮಾಡಿದರು. "ಬಾ ಮಗಳೇ. ಮುಳ್ಳು ನೋಡೋ ಕೆಲಸ ನಿಂದು. ನನ್ನ ಕಣ್ಣು ರಸ್ತೆ ಮೇಲಿರುತ್ತೆ."

"ಹೋಗೇ, ಏನು ನಿಂತ್ಕೊಂಡು ನೋಡ್ತಿದ್ದೀಯ," ಎಂದು ಅತ್ತೆ ಹಿಂದಿನಿಂದ ತಳ್ಳಿದರು. ತಳ್ಳಿದ ಕೈ ಬೆನ್ನಿನ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು.

ಸ್ಟ್ಯಾಂಡಿನ ಮುಂದೆ ಹಾಯುವಾಗ ಡ್ರೈವರುಗಳೆಲ್ಲ ಎದ್ದು ನಿಂತು ನೋಡಿದರು. ದೊಡ್ಡಪ್ಪ ಯಾರ ಕಡೆಗೂ ತಿರುಗಲಿಲ್ಲ. ಏರು ಶುರುವಾಯಿತು. ಇಷ್ಟು ವರ್ಷ ಆ ಇಂಜಿನ್ನುಗಳ ಜತೆ ಒಂದೇ ಮಾಡಿನ ಕೆಳಗೆ ಬದುಕಿದವಳು, ಅವುಗಳಲ್ಲಿ ಒಂದು ದುಡಿಯುವುದನ್ನು ಕೂತು ಕೇಳಿದ್ದು ಅದೇ ಮೊದಲು. ಗೇರು ಇಳಿಸಿದಾಗ ಅದು ಒಮ್ಮೆ ಮುಲುಗಿ ಮತ್ತೆ ಭಾರಕ್ಕೆ ಹೆಗಲು ಕೊಡುತ್ತಿತ್ತು. ಅವಳು ಮುಳ್ಳಿನಿಂದ ಕಣ್ಣು ಕೀಳಲಿಲ್ಲ. ದೊಡ್ಡ ತಿರುವು ಬಂತು. ಮುಳ್ಳು ಒಂದು ಕೂದಲೆಳೆಯಷ್ಟು ನಡುಗಿ ಅಲ್ಲೇ ನಿಂತಿತು. ತಿರುವು ದಾಟಿತು, ಇನ್ನೊಂದು ದಾಟಿತು, ಗುಡ್ಡದ ನೆತ್ತಿ ಬಂತು, ಮುಳ್ಳು ಅಲ್ಲೇ ಇತ್ತು.

"ನಿಂತಿದೆ ದೊಡ್ಡಪ್ಪ! ಅಲ್ಲೇ ನಿಂತಿದೆ!" ಎಂದು ಮಗುವಿನ ಹಾಗೆ ಕೂಗಿದಳು.

ದೊಡ್ಡಪ್ಪ ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸಿದರು. ಬೆವರಿಗೆ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಇಳಿದು, ಬಾನೆಟ್ಟಿಗೆ ಒರಗಿ, ಏದುಸಿರು ಬಿಟ್ಟರು. ಟೈಲರಕ್ಕ ಗಾಬರಿಯಿಂದ ಇಳಿದು ಓಡಿದಳು.

"ಏನಾಯ್ತು ದೊಡ್ಡಪ್ಪ? ನೀರು ಕೊಡ್ಲಾ?"

"ಏನಿಲ್ಲ, ಏನಿಲ್ಲ. ಭಯ ಆಗಿತ್ತು, ಅಷ್ಟೇ."

"ಭಯಾನಾ? ನಿಮಗಾ?"

"ಮತ್ತೆ? ಈ ಗಾಡಿ ಹೋದ್ರೆ ನನಗೆ ಬೇರೆ ಏನಿದೆ ಹೇಳು. ಮನೇಲಿ ಎಲ್ಲರೂ ಬೇಡ ಅಂದ್ರು. ಆ ತಿರುವಿನಲ್ಲಿ ಕಣ್ಣು ಮುಚ್ಚಿಬಿಡೋಣ ಅನಿಸಿತ್ತು."

ಅವಳು ಬಾಯಿ ಬಿಟ್ಟುಕೊಂಡು ಅವರನ್ನೇ ನೋಡಿದಳು. ಇಷ್ಟು ಹೊತ್ತೂ ಅವರಿಗೆ ತನ್ನ ಮೇಲೆ ಬಂಡೆಯಂಥ ನಂಬಿಕೆ ಇದೆ ಎಂದುಕೊಂಡಿದ್ದಳು. ಇರಲಿಲ್ಲ. ಅವಳಷ್ಟೇ ಹೆದರಿದ್ದರು, ಹೆದರಿಕೊಂಡೇ ಬಂದಿದ್ದರು. "ಮತ್ತೆ ಯಾಕೆ ಬಂದ್ರಿ?" ಎಂದು ಕೇಳಿದಳು. ಕೇಳುವಾಗಲೇ ಕಣ್ಣು ತುಂಬಿ ಬಂದಿತ್ತು.

ದೊಡ್ಡಪ್ಪ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ನಾನು ಬರದೆ ಇದ್ರೆ ಇನ್ಯಾರೂ ಬರ್ತಿರಲಿಲ್ಲ," ಎಂದರು. "ಅಳಬೇಡ. ಹತ್ತು, ಕತ್ತಲಾಗುತ್ತೆ."

"ನಿಮ್ಮ ಹೊಟ್ಟೆ ತಣ್ಣಗಿರಲಿ ದೊಡ್ಡಪ್ಪ," ಎಂದಳು ಅವಳು. ಅದಕ್ಕಿಂತ ದೊಡ್ಡ ಮಾತು ಅವಳಿಗೆ ಗೊತ್ತಿರಲಿಲ್ಲ. ಇವತ್ತಿಗೂ, ಅವರು ತೀರಿಕೊಂಡು ಎಷ್ಟೋ ವರ್ಷವಾದ ಮೇಲೂ, ಅವರ ಮಾತು ಬಂದರೆ ಅವಳ ಬಾಯಲ್ಲಿ ಮೊದಲು ಬರುವುದು ಅದೇ.

ಇಳಿಯುವಾಗ ಅವರು ಸ್ಟ್ಯಾಂಡಿನಲ್ಲಿ ನಿಲ್ಲಿಸಲಿಲ್ಲ. ಹಾರನ್ ಒಂದನ್ನು ಉದ್ದಕ್ಕೆ ಬಾರಿಸಿಕೊಂಡು ಮುಂದೆ ಹೋದರು. ತಿಳಿಯಬೇಕಾದವರಿಗೆ ಅಷ್ಟರಲ್ಲೇ ತಿಳಿಯಿತು. ಗ್ಯಾರೇಜಿನ ಮುಂದೆ ಮೇಸ್ತ್ರಿ ಮಗಳನ್ನು ಎತ್ತಿಕೊಂಡು ನಿಂತಿದ್ದ. ಪಕ್ಕದಲ್ಲಿ ಅತ್ತೆ, ಕುರ್ಚಿ ಬಿಟ್ಟೆದ್ದು. ದೊಡ್ಡಪ್ಪ ಇಂಜಿನ್ ಆರಿಸದೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಲೇ ಮೇಸ್ತ್ರಿ, ಇದರ ವಾಲ್ವು ಟಕಟಕ ಅನ್ನುತ್ತೆ. ನಾಳೆ ಬೆಳಿಗ್ಗೆ ತರ್ತೀನಿ. ಇರ್ತೀಯಾ?"

ನಾಳೆ ಬೆಳಿಗ್ಗೆ ಬಸ್ಸು. ಮೇಸ್ತ್ರಿ ಕಾರಿನೊಳಗೆ ಕೂತ ಹೆಂಡತಿಯ ಮುಖ ನೋಡಿದ. ಮಗಳು ಅವನ ಕಿವಿ ಹಿಡಿದು ಎಳೆಯುತ್ತಿದ್ದಳು.

"ಬನ್ನಿ ದೊಡ್ಡಪ್ಪ," ಎಂದ. "ಇರ್ತೀನಿ."

ಟೈಲರಕ್ಕ ಇಳಿಯುವುದನ್ನೇ ಮರೆತು, ಬಾಗಿಲಿನ ಹಿಡಿ ಹಿಡಿದುಕೊಂಡು, ಅಲ್ಲೇ ಕೂತಿದ್ದಳು.